ಏರಿಳಿಯುವ ಜ್ವರ: ಕಷಾಯ ಮತ್ತು ಆರು ವಾರಗಳ ಗುಳಿಗೆ

ಬ್ರುಸೆಲ್ಲೋಸಿಸ್ ಎಂಬುದು ಕುರಿ, ಮೇಕೆ, ದನ, ಎಮ್ಮೆಗಳಲ್ಲಿ ಗರ್ಭಪಾತವನ್ನುಂಟುಮಾಡಿ, ಅವುಗಳ ಹಾಲು, ಮಾಸು ಮತ್ತು ಗರ್ಭದ್ರವದ ಮೂಲಕ ಮನುಷ್ಯರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು; ಪಶುವೈದ್ಯರ ಕನ್ನಡದಲ್ಲಿ ಇದಕ್ಕೆ ಕಂದು ಹಾಕುವ ರೋಗ ಎಂಬ ಹೆಸರಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿಯೂ ಕುರಿ ಸಾಕುವ ಇತರ ಊರುಗಳಲ್ಲಿಯೂ ಮನೆಗೂ ಕುರಿಯ ರೊಪ್ಪಕ್ಕೂ ನಡುವೆ ಹೆಚ್ಚಿನ ಅಂತರವಿರುವುದಿಲ್ಲವಾದ್ದರಿಂದ, ಈಯಲಾರದ ಕುರಿಯ ಮರಿಯನ್ನು ಬರಿಗೈಯಲ್ಲಿ ಎಳೆಯುವುದು, ಬಿದ್ದ ಮಾಸನ್ನು ಹಾಗೆಯೇ ಎತ್ತಿ ಬೇಲಿಯಾಚೆ ಎಸೆಯುವುದು, ಮೇಯಿಸಲು ಹೋದಲ್ಲಿ ಮೇಕೆಯ ಹಾಲನ್ನು ಕರೆದು ಕಾಸದೆ ಕುಡಿಯುವುದು ಇವೆಲ್ಲ ಯಾರೂ ಎರಡನೆಯ ಬಾರಿ ಯೋಚಿಸದ ಕೆಲಸಗಳು. ಜ್ವರ ಕಾಣಿಸಿಕೊಂಡಾಗ ಅದನ್ನು ರೊಪ್ಪದಲ್ಲಿ ಕಂದು ಹಾಕಿದ ಕುರಿಯೊಂದಿಗೆ ಜೋಡಿಸಿ ನೋಡುವವರು ವಿರಳ, ಏಕೆಂದರೆ ಎರಡರ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಸರಿದುಹೋಗಿರುತ್ತವೆ. ಈ ಲೇಖನದ ಕರ್ತೃ ಅಂತಹ ಮನೆತನವೊಂದರಿಂದ ಬಂದವನಾಗಿದ್ದು, ಇದೇ ರೋಗಕ್ಕೆ ಕಷಾಯವನ್ನೂ ಗುಳಿಗೆಯನ್ನೂ ತೆಗೆದುಕೊಂಡವನಾದ್ದರಿಂದ, ಇಲ್ಲಿನ ಮಾತುಗಳು ಓದಿನಿಂದ ಎಷ್ಟೋ ಅಷ್ಟೇ ಹಾಸಿಗೆಯಿಂದಲೂ ಬಂದವು.

ಅಮೆರಿಕ ಮತ್ತು ಯೂರೋಪಿನಲ್ಲಿ ಲೈಮ್ ರೋಗದ ಬಗ್ಗೆ ನಡೆಯುತ್ತಿರುವ ದೀರ್ಘ ವಾಗ್ವಾದವು, ಇಂತಹ ರೋಗಕ್ಕೆ ಕಷಾಯವೋ ಗುಳಿಗೆಯೋ ಎಂಬ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತಮುತ್ತ 1975ರ ವೇಳೆಗೆ ಮಕ್ಕಳಲ್ಲಿ ಕಂಡುಬಂದ ಕೀಲುಬಾವಿನಿಂದ ಗುರುತಿಗೆ ಬಂದ ಆ ರೋಗಕ್ಕೆ, ಉಣುಗುಗಳ ಮೂಲಕ ಹರಡುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಾರಣವೆಂಬುದನ್ನು ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಅವರ ಸಂಗಡಿಗರು 1982ರಲ್ಲಿ ತೋರಿಸಿಕೊಟ್ಟರು. ನಮ್ಮ ಬಯಲುಸೀಮೆಯ ಕುರಿಗಳ ಕಿವಿ ಮತ್ತು ಕೆಚ್ಚಲಿನ ಬಳಿ ಕಚ್ಚಿಕೊಂಡಿರುವ ಉಣುಗುಗಳು ಹೆಚ್ಚಾಗಿ ಹಯಲೋಮಾ, ಹೀಮಫೈಸಾಲಿಸ್, ರೈಪಿಸೆಫಾಲಸ್ ಜಾತಿಯವು. ಲೈಮ್ ಹರಡುವುದು ಇಕ್ಸೋಡಿಸ್ ಎಂಬ ಬೇರೆ ಜಾತಿಯ ಉಣುಗು. ಆದುದರಿಂದ ಹಿರಿಯೂರಿನ ಕುರಿಗಾಹಿಗೆ ತಿಂಗಳುಗಟ್ಟಲೆ ಬಿಡದ ಜ್ವರ, ಬೆವರು, ಕೀಲುನೋವು ಇದ್ದರೆ ಮೊದಲು ಶಂಕಿಸಬೇಕಾದುದು ಲೈಮನ್ನಲ್ಲ, ಬ್ರುಸೆಲ್ಲೋಸಿಸ್ ಮತ್ತು ಕ್ಷಯವನ್ನು. ಹಾಗಿದ್ದರೂ ಎರಡು ರೋಗಗಳ ರೋಗಿಗಳು ಎದುರಿಸುವ ಗೊಂದಲ ಒಂದೇ ಬಗೆಯದು: ಎರಡರಲ್ಲಿಯೂ ಬ್ಯಾಕ್ಟೀರಿಯಾ ನಿಧಾನಿ, ಲಕ್ಷಣಗಳು ಬೇರೆ ಹತ್ತು ಕಾಯಿಲೆಗಳಂತೆ ಕಾಣುವಂಥವು, ರಕ್ತಪರೀಕ್ಷೆ ಎಲ್ಲ ಸಲವೂ ಹೌದು ಅಲ್ಲ ಎಂದು ನೇರವಾಗಿ ಹೇಳುವುದಿಲ್ಲ, ಮತ್ತು ಚಿಕಿತ್ಸೆಯ ನಂತರವೂ ದಣಿವು ಉಳಿಯಬಹುದು. ಗಿಡಮೂಲಿಕೆಯ ಕಡೆಗೆ ಮನಸ್ಸು ಹೊರಳುವುದು ಇಂತಹ ಕಡೆಯಲ್ಲಿಯೇ.

ಬ್ರುಸೆಲ್ಲೋಸಿಸ್‌ಗೆ ಏರಿಳಿಯುವ ಜ್ವರ ಎಂಬ ಹಳೆಯ ಹೆಸರೊಂದಿದೆ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಈ ಜ್ವರದ ಬ್ಯಾಕ್ಟೀರಿಯಾವನ್ನು 1887ರಲ್ಲಿ ಡೇವಿಡ್ ಬ್ರೂಸ್ ಬೇರ್ಪಡಿಸಿದರು. ಅದು ಮೇಕೆಯ ಹಾಲಿನಿಂದ ಬರುತ್ತಿದೆಯೆಂಬುದು 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಅವರ ಶೋಧದಿಂದ ತಿಳಿಯಿತು. ಚಿಕಿತ್ಸೆಯಿಲ್ಲದೆ ಬಿಟ್ಟ ರೋಗಿಯಲ್ಲಿ ಜ್ವರವು ಕೆಲವು ವಾರ ಏರಿ, ತಾನಾಗಿಯೇ ಇಳಿದು, ಕೆಲವು ದಿನ ಮಾಯವಾಗಿ, ಮತ್ತೆ ಏರುತ್ತದೆ. ಕಷಾಯ ಮತ್ತು ಗುಳಿಗೆಗಳ ತೂಗುವಿಕೆಯಲ್ಲಿ ನಡೆಯುವ ಬಹುಪಾಲು ಪ್ರಮಾದಗಳ ಬೇರು ಈ ಒಂದು ಸಂಗತಿಯಲ್ಲಿದೆ. ರೋಗಿಯಾಗಲಿ ಮನೆಯವರಾಗಲಿ ಔಷಧ ಹುಡುಕುವುದು ಜ್ವರ ತುತ್ತತುದಿಯಲ್ಲಿದ್ದಾಗ. ತುದಿಯ ನಂತರ ಬರುವುದು ಇಳಿತವೇ ಆದ್ದರಿಂದ, ಆ ಹೊತ್ತಿಗೆ ಕೊಟ್ಟದ್ದು ಅಮೃತಬಳ್ಳಿಯಾಗಿರಲಿ, ನೆಲಬೇವಿನ ಕಷಾಯವಾಗಿರಲಿ, ಆರ್‌.ಎಂ.ಪಿ. ವೈದ್ಯರ ಇಂಜೆಕ್ಷನ್ನಾಗಿರಲಿ, ಹರಕೆಯಾಗಿರಲಿ, ಕೀರ್ತಿ ಅದಕ್ಕೇ ಸಲ್ಲುತ್ತದೆ. ಲೈಮ್ ರೋಗದಲ್ಲಿಯೂ ಇದೇ ನಡೆಯುತ್ತದೆ: ಉಣುಗು ಕಚ್ಚಿದಲ್ಲಿ ಹರಡುವ ಕೆಂಪು ವೃತ್ತವು ಯಾವ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ, ಆದರೆ ಬ್ಯಾಕ್ಟೀರಿಯಾ ಕೀಲು, ನರ, ಹೃದಯಗಳ ಕಡೆಗೆ ಸಾಗಿರಬಹುದು.

ಇಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ. ಈ ಇಳಿತದಿಂದ ಮೋಸಹೋಗುವವರು ಕಷಾಯವನ್ನು ನಂಬಿದವರು ಮಾತ್ರವಲ್ಲ, ಆ್ಯಂಟಿಬಯೋಟಿಕ್ಕನ್ನು ನಂಬಿದವರೂ ಅಷ್ಟೇ ಮೋಸಹೋಗುತ್ತಾರೆ. ಊರಿನ ಚಿಕಿತ್ಸಾಲಯದಲ್ಲಿ ವೈಡಾಲ್ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಎಂದು ತೀರ್ಮಾನಿಸಿ, ಗ್ಲುಕೋಸ್ ಬಾಟಲಿಯೊಂದಿಗೆ ಐದಾರು ದಿನ ಬೇರಾವುದೋ ಆ್ಯಂಟಿಬಯೋಟಿಕ್ ಕೊಟ್ಟಾಗ ಜ್ವರ ಇಳಿದರೆ ಟೈಫಾಯ್ಡ್ ವಾಸಿಯಾಯಿತೆಂದಾಗುತ್ತದೆ. ತಿಂಗಳ ನಂತರ ಮರಳಿದರೆ ಟೈಫಾಯ್ಡ್ ತಿರುಗಿಬಿತ್ತು ಎಂದಾಗುತ್ತದೆ. ಸರಿಯಾದ ರೋಗನಿರ್ಣಯವಾಗಿ ಸರಿಯಾದ ಗುಳಿಗೆ ಸಿಕ್ಕವರಲ್ಲಿಯೂ ಹಲವರು ಎರಡನೆಯ ವಾರದಲ್ಲಿ ಮೈ ಹಗುರವಾದೊಡನೆ ಉಳಿದದ್ದನ್ನು ಗೂಡಿನಲ್ಲಿಟ್ಟು ಕುರಿಯ ಹಿಂದೆ ಹೊರಡುತ್ತಾರೆ, ಕಾಯಿಲೆ ಮರುಕಳಿಸಿದಾಗ ಇಂಗ್ಲಿಷ್ ಔಷಧವೂ ನಾಟಲಿಲ್ಲವೆಂದು ನಾಟಿ ವೈದ್ಯರ ಬಾಗಿಲಿಗೆ ಬರುತ್ತಾರೆ. ಹೀಗೆ ಸೋತದ್ದು ಔಷಧವಲ್ಲ, ಅಳತೆಗೋಲು; ಜ್ವರದ ಇಳಿತವನ್ನೇ ವಾಸಿಯ ಗುರುತೆಂದು ಹಿಡಿದವರಿಗೆ ಎರಡೂ ಪದ್ಧತಿಗಳ ಬಗ್ಗೆ ತಪ್ಪು ಪಾಠವೇ ದೊರೆಯುತ್ತದೆ.

ಗುಳಿಗೆಯನ್ನು ಆರು ವಾರ ತೆಗೆದುಕೊಳ್ಳಬೇಕಾದುದು ಏಕೆ ಎಂಬುದಕ್ಕೆ ಉತ್ತರ ಬ್ಯಾಕ್ಟೀರಿಯಾದ ನೆಲೆಯಲ್ಲಿದೆ. ದೇಹಕ್ಕೆ ಹೊಕ್ಕ ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳ ಒಳಗೇ ಬ್ರುಸೆಲ್ಲಾ ಬದುಕಿ ವೃದ್ಧಿಯಾಗುವುದರಿಂದ, ರಕ್ತದಲ್ಲಿ ಮಾತ್ರ ಓಡಾಡುವ ಔಷಧಕ್ಕೆ ಅದು ಸಿಗುವುದಿಲ್ಲ, ಒಂದೇ ಔಷಧ ಕೊಟ್ಟರೆ ಮರುಕಳಿಸುವುದೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು 1986ರಲ್ಲಿ ಸೂಚಿಸಿದ ಕ್ರಮವು ಈಗಲೂ ತಳಹದಿಯಾಗಿದೆ: ವಯಸ್ಕರಿಗೆ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ದಿನಕ್ಕೆರಡು ಬಾರಿಯಂತೆ ಆರು ವಾರ, ಅದರೊಂದಿಗೆ ಆರು ವಾರವೂ ದಿನಕ್ಕೆ 600ರಿಂದ 900 ಮಿಲಿಗ್ರಾಂ ರಿಫಾಂಪಿಸಿನ್, ಅಥವಾ ಅದರ ಬದಲು ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಔಷಧ ಬೇರೆ. ಬೆನ್ನುಮೂಳೆಗೆ ತಗಲಿದ್ದರೆ ಅವಧಿ ಇನ್ನೂ ದೀರ್ಘ. ಇಷ್ಟನ್ನೂ ಪೂರ್ಣವಾಗಿ ತೆಗೆದುಕೊಂಡವರಲ್ಲಿಯೂ ಕೆಲವರಿಗೆ ರೋಗ ಮರುಕಳಿಸುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಆರು ವಾರಗಳು ಕುರಿಗಾಹಿಯ ಬದುಕಿನಲ್ಲಿ ಸುಲಭದವಲ್ಲ. ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿಸುವ ಔಷಧ. ಬೆಳಗಿನಿಂದ ಸಂಜೆಯವರೆಗೆ ಹಿರಿಯೂರಿನ ಬಿಸಿಲಲ್ಲಿ ನಿಲ್ಲುವವನ ಮುಖ, ಮುಂಗೈಗಳು ಕೆಂಪಾಗಿ ಉರಿದರೆ ಅದನ್ನು ಔಷಧದ ಉಷ್ಣವೆಂದು ಕರೆದು ನಿಲ್ಲಿಸುವುದು ಸಹಜವೇ. ರಿಫಾಂಪಿಸಿನ್ ತೆಗೆದುಕೊಂಡವರ ಮೂತ್ರ ಕಿತ್ತಳೆಗೆಂಪಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತವೇ ಹೋಗುತ್ತಿದೆಯೆಂದು ಮನೆಯವರೆಲ್ಲ ಹೆದರುತ್ತಾರೆ. ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುವುದರಿಂದ ತುಂಬು ಲೋಟ ನೀರಿನೊಂದಿಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಕುಳಿತಿರಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗಳೊಂದಿಗೆ ಬೆರೆಸಬಾರದು. ಹೊಳಲ್ಕೆರೆಯ ಕಡೆಯ ತೋಟ, ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತ ಊರಿಂದೂರಿಗೆ ಹೋಗುವವರಿಗೆ ಎರಡನೆಯ ಚೀಟಿಯ ಔಷಧ ಎಲ್ಲಿ ಸಿಗಬೇಕೆಂಬುದೂ ಪ್ರಶ್ನೆಯೇ. ಈ ಪ್ರತಿಯೊಂದಕ್ಕೂ ಎರಡು ನಿಮಿಷದ ವಿವರಣೆ ಸಾಕು, ಆದರೆ ಹೊರರೋಗಿ ವಿಭಾಗದ ಸಾಲಿನಲ್ಲಿ ಆ ಎರಡು ನಿಮಿಷ ಸಿಗುವುದಿಲ್ಲ. ನಾಟಿ ವೈದ್ಯರು ಅರ್ಧ ಗಂಟೆ ಕುಳಿತು ಮಾತಾಡುತ್ತಾರೆ, ಏನು ತಿನ್ನಬೇಕು ಏನು ತಿನ್ನಬಾರದು ಎಂದು ಪಥ್ಯ ಹೇಳುತ್ತಾರೆ. ಕಷಾಯದ ಮೇಲಿನ ನಂಬಿಕೆಯಲ್ಲಿ ಈ ಮಾತಿನ ಪಾಲು ಬೇರಿನ ಪಾಲಿಗಿಂತ ದೊಡ್ಡದಿರಬಹುದು.

ಗಿಡಮೂಲಿಕೆಯನ್ನು ಹಗುರವಾಗಿ ಕಾಣುವುದಕ್ಕೂ ಕಾರಣವಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಾಡು ಔಷಧ ಸಸ್ಯಗಳಿಗೆ ಹೆಸರಾದದ್ದು, ಸುತ್ತಲ ಊರುಗಳಲ್ಲಿ ಅವುಗಳ ತಿಳಿವಳಿಕೆ ಇನ್ನೂ ಉಳಿದಿದೆ. ಮಲೇರಿಯಾಕ್ಕೆ ಇಂದು ಜಗತ್ತು ಬಳಸುವ ಆರ್ಟೆಮಿಸಿನಿನ್ ಕೂಡ ಚೀನೀ ಮೂಲಿಕೆಯೊಂದರಿಂದ ಬಂದು 2015ರಲ್ಲಿ ಟು ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ತಂದಿತು. ಆದರೆ ಅದು ಔಷಧವಾದದ್ದು ಸಾರವನ್ನು ಬೇರ್ಪಡಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ ನಂತರ. ಲೈಮ್ ಬ್ಯಾಕ್ಟೀರಿಯಾದ ಮೇಲೆ ಹಲವು ಮೂಲಿಕೆಗಳ ಸಾರವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆಫ್ರಿಕಾದ ಕ್ರಿಪ್ಟೊಲೆಪಿಸ್ ಬೇರು ಮತ್ತು ಜಪಾನಿನ ನಾಟ್‌ವೀಡ್ ಗಟ್ಟಿ ಪರಿಣಾಮ ತೋರಿದವು. ಅದು ಗಾಜಿನ ತಟ್ಟೆಯೊಳಗಿನ ಪರಿಣಾಮ, ರೋಗಿಯ ದೇಹದಲ್ಲಿ ಅಷ್ಟು ಸಾರ ರಕ್ತಕ್ಕೆ ಸೇರಿ ಕೀಲಿನವರೆಗೆ ತಲಪುತ್ತದೆಂದು ಅದರಿಂದ ತಿಳಿಯುವುದಿಲ್ಲ. ಕೋಶದ ಒಳಗೆ ಅಡಗಿದ ಬ್ರುಸೆಲ್ಲಾದ ವಿಷಯದಲ್ಲಿ ಈ ದೂರ ಇನ್ನೂ ಹೆಚ್ಚು.

ನಮ್ಮಲ್ಲಿ ಬಳಕೆಯಲ್ಲಿರುವ ಮೂಲಿಕೆಗಳೆಲ್ಲವನ್ನೂ ಒಂದೇ ತೂಕದಲ್ಲಿಡುವುದೂ ಸರಿಯಲ್ಲ. ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಸೊಂಟಕ್ಕೂ ಮಂಡಿಗೂ ಶಾಖ ಕೊಡುವುದರಿಂದ ನೋವು ಸಡಿಲಗೊಳ್ಳುತ್ತದೆ, ಗುಳಿಗೆಯೊಂದಿಗೆ ಅದು ಜಗಳವಾಡುವುದೂ ಇಲ್ಲ. ಅಮೃತಬಳ್ಳಿಯ ವಿಷಯ ಹಾಗಲ್ಲ: ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಗುರಿಯಾದ 43 ರೋಗಿಗಳನ್ನು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ವರದಿ ಮಾಡಿದರು, ಅದೇ ಬಗೆಯ ಹಿಂದಿನ ವರದಿ ಬಂದಾಗ ಆಯುಷ್ ಸಚಿವಾಲಯವು, ಅದೇ ಕುಲದ ಬೇರೊಂದು ಬಳ್ಳಿಯೊಂದಿಗೆ ಗೊಂದಲವಾಗಿರಬಹುದೆಂದು ಆಕ್ಷೇಪಿಸಿತ್ತು. ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವುದೆಂದು ಖಚಿತವಿಲ್ಲದಿರುವುದು ಆಕ್ಷೇಪಕ್ಕಿಂತ ಹೆಚ್ಚಾಗಿ ಎಚ್ಚರಿಕೆಯೇ ಅಲ್ಲವೇ? ರಿಫಾಂಪಿಸಿನ್ ತಾನೇ ಯಕೃತ್ತಿಗೆ ಭಾರವಾದ ಔಷಧವಾದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಂಡವನ ಕಣ್ಣು ಹಳದಿಯಾದರೆ ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರಿಗೂ ತಿಳಿಯದೆ, ಕೊನೆಗೆ ಬೇಕಾದ ಗುಳಿಗೆಯೇ ನಿಲ್ಲುತ್ತದೆ. ಈಶ್ವರಿ ಬಳ್ಳಿಯ ಬೇರಿನ ವಿಷಯದಲ್ಲಂತೂ ವಾದಕ್ಕೆ ಎಡೆಯಿಲ್ಲ. ಆ ಕುಲದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸಿ ಕ್ಯಾನ್ಸರ್ ತರುವುದು ಸಿದ್ಧಪಟ್ಟಿದೆ, ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮೂಲಿಕೆಯೆಂದು ಅದನ್ನು ಸೇವಿಸಿದ ಅನೇಕ ಹೆಂಗಸರು ಮೂತ್ರಪಿಂಡಗಳನ್ನೇ ಕಳೆದುಕೊಂಡರು.

ರೋಗನಿರ್ಣಯವಿಲ್ಲದ ಚಿಕಿತ್ಸೆ ಯಾವ ಪದ್ಧತಿಯದಾದರೂ ದುಬಾರಿ ಎಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷ್ಯವಿದೆ. ವಿಜಯಪುರದಲ್ಲಿ ಬಿ.ಜಿ. ಮಂಟೂರ್ ಮತ್ತು ಸಂಗಡಿಗರು 16 ವರ್ಷಗಳಲ್ಲಿ 495 ವಯಸ್ಕ ಬ್ರುಸೆಲ್ಲೋಸಿಸ್ ರೋಗಿಗಳನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ರೋಗ ಎಷ್ಟು ವೇಷಗಳಲ್ಲಿ ಬರುತ್ತದೆಂಬುದನ್ನು ತೋರಿಸಿತು. ಹುಡುಕಿದಲ್ಲಿ ಸಿಗುವ, ಹುಡುಕದಲ್ಲಿ ಇಲ್ಲವೆನಿಸುವ ರೋಗವಿದು. ರೋಸ್ ಬೆಂಗಾಲ್ ಎಂಬ ಅಗ್ಗದ ರಕ್ತಪರೀಕ್ಷೆಯಿಂದ ಆರಂಭಿಸಿ, ಅಗತ್ಯವಿದ್ದರೆ ರಕ್ತದ ಕಲ್ಚರ್‌ವರೆಗೆ ಹೋಗಬಹುದು. ಆದರೆ ಬ್ರುಸೆಲ್ಲಾ ನಿಧಾನವಾಗಿ ಬೆಳೆಯುವುದರಿಂದ ಪ್ರಯೋಗಾಲಯದವರಿಗೆ ಶಂಕೆಯನ್ನು ಮೊದಲೇ ತಿಳಿಸಬೇಕು. ಇದಕ್ಕಿಂತ ಸರಳವಾದ ಮತ್ತು ಖರ್ಚಿಲ್ಲದ ಪರೀಕ್ಷೆಯೊಂದಿದೆ: ಮನೆಯ ಕುರಿಗಳು ಈಚೆಗೆ ಕಂದು ಹಾಕಿವೆಯೇ ಎಂಬ ಪ್ರಶ್ನೆ. ಅದನ್ನು ವೈದ್ಯರು ಕೇಳದಿದ್ದರೆ ರೋಗಿಯೇ ಹೇಳಬೇಕು. ಹೇಳದಿದ್ದಲ್ಲಿ ಬೆನ್ನುನೋವು ಬೆನ್ನುಮೂಳೆಯ ಕ್ಷಯವೆಂದು ಎಣಿಕೆಯಾಗುವುದುಂಟು, ಆಗ ಕ್ಷಯದ ಔಷಧಗಳಲ್ಲಿರುವ ರಿಫಾಂಪಿಸಿನ್‌ನಿಂದಲೇ ಅರ್ಧ ಗುಣವಾಗಿ ನಿಜವಾದ ರೋಗ ಇನ್ನಷ್ಟು ಕಾಲ ಮರೆಯಾಗಿರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಅಪಾಯಕಾರಿ: ಕ್ಷಯವಿದ್ದವನಿಗೆ ಬ್ರುಸೆಲ್ಲೋಸಿಸ್ ಎಂದು ಆರು ವಾರ ರಿಫಾಂಪಿಸಿನ್ ಕೊಟ್ಟರೆ ಕ್ಷಯದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳಬಹುದು.

ಚಿಕಿತ್ಸೆ ಮುಗಿದ ಮೇಲೂ ಉಳಿಯುವ ದಣಿವು ಮತ್ತು ಮೈನೋವಿನ ಕಾಲವೇ ಕಷಾಯದ ಮಾತು ಮತ್ತೆ ಬಲಗೊಳ್ಳುವ ಕಾಲ. ಲೈಮ್‌ಗೆ ಸಂಬಂಧಿಸಿದಂತೆ ಇಂತಹ ಉಳಿಕೆ ಲಕ್ಷಣಗಳಿಗೆ ಇನ್ನೂ ಮೂರು ತಿಂಗಳು ಆ್ಯಂಟಿಬಯೋಟಿಕ್ ಕೊಟ್ಟರೆ ಲಾಭವಿದೆಯೇ ಎಂದು ನೆದರ್ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಲ್ಪಾವಧಿಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಬ್ರುಸೆಲ್ಲೋಸಿಸ್‌ನಲ್ಲಿಯೂ ಜ್ವರ ಮರಳಿಲ್ಲದೆ, ಹೊಸ ಕೀಲು ಬಾತಿಲ್ಲದೆ, ಪರೀಕ್ಷೆಯಲ್ಲಿ ಮರುಕಳಿಕೆಯ ಸುಳಿವಿಲ್ಲದೆ ಇರುವಾಗ ದಣಿವೊಂದಕ್ಕೇ ಗುಳಿಗೆಯನ್ನು ಮುಂದುವರಿಸುವುದು ಅನಗತ್ಯ. ಆ ತಿಂಗಳುಗಳಲ್ಲಿ ಕೆಲಸಕ್ಕೆ ನಿಧಾನವಾಗಿ ಮರಳುವುದು, ಊಟ, ನಿದ್ರೆ, ಬೇಕಾದರೆ ಲಕ್ಕಿಸೊಪ್ಪಿನ ಶಾಖ ಇಷ್ಟಕ್ಕೆ ಜಾಗವಿದೆ. ಮರುಕಳಿಕೆ ಹೆಚ್ಚಾಗಿ ಚಿಕಿತ್ಸೆ ಮುಗಿದ ಮೊದಲ ಆರು ತಿಂಗಳಲ್ಲಿ ಕಾಣುವುದರಿಂದ ಆ ಅವಧಿಯಲ್ಲಿ ಜ್ವರ ಬಂದರೆ ಕಷಾಯಕ್ಕೆ ಕೈಹಾಕುವ ಮೊದಲು ರಕ್ತ ಕೊಡಬೇಕು.

ಇಷ್ಟೆಲ್ಲ ತೂಗಿ ಗೆದ್ದ ಚಿಕಿತ್ಸೆಯೂ ರೊಪ್ಪವನ್ನು ಹಾಗೆಯೇ ಬಿಟ್ಟರೆ ವ್ಯರ್ಥವಾಗುತ್ತದೆ, ಏಕೆಂದರೆ ಒಮ್ಮೆ ಗುಣವಾದವನಿಗೆ ಈ ಸೋಂಕು ಮತ್ತೆ ತಗಲಬಹುದು, ಮನುಷ್ಯರಿಗೆ ಇದರ ಲಸಿಕೆಯೂ ಬಳಕೆಯಲ್ಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮವು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸುತ್ತದೆ. ಮನುಷ್ಯರಿಗೆ ಹೆಚ್ಚು ತೀವ್ರವಾದ ರೋಗ ತರುವ ಬ್ರುಸೆಲ್ಲಾ ಪ್ರಭೇದವನ್ನು ಹೊತ್ತಿರುವ ಕುರಿ ಮೇಕೆಗಳು ಆ ಲಸಿಕೆಯ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ ಕುರಿಗಾಹಿಯ ಕೈಯಲ್ಲಿರುವುದು ಹಾಲನ್ನು ಕುದಿಸುವುದು, ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸುವುದು, ಕೈಗವಸಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಂಡು ಮಾಸನ್ನೂ ಸತ್ತ ಮರಿಯನ್ನೂ ಸುಣ್ಣ ಹಾಕಿ ನಾಯಿ ಅಗೆಯಲಾರದಷ್ಟು ಆಳದಲ್ಲಿ ಹೂಳುವುದು. ಮನೆಯಲ್ಲಿ ಒಬ್ಬರಿಗೆ ರೋಗ ಖಚಿತವಾದರೆ ಅದೇ ಹಾಲು ಕುಡಿದ, ಅದೇ ರೊಪ್ಪ ಗುಡಿಸಿದ ಉಳಿದವರ ರಕ್ತವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು.