ಮಾತ್ರೆಯನ್ನೂ ಬಿಡಬೇಡಿ, ಸೊಪ್ಪನ್ನೂ ಬಿಡಬೇಡಿ

ಎದೆ ಡವಡವ ಅನ್ನುವುದು ನಿಂತಿತು, ಇನ್ನು ಮಾತ್ರೆ ಯಾಕೆ ಎಂದು ನೀವೇ ತೀರ್ಮಾನ ಮಾಡಿಬಿಡುತ್ತೀರಲ್ಲ, ಇದು ಯಾವ ನ್ಯಾಯ? ಚೀಟಿಯಲ್ಲಿ ಡಾಕ್ಟರು 'ಎ.ಎಫ್.' ಎಂದು ಬರೆದಿದ್ದರೆ, ಹೃದಯದ ಮೇಲಿನ ಕೋಣೆ ತಾಳ ತಪ್ಪಿ ನಡುಗುತ್ತಿದೆ ಎಂದರ್ಥ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಬೇರೆಯವರಿಗಿಂತ ನಿಮಗೆ ಈ ಅಪಾಯ ಸುಮಾರು 5 ಪಟ್ಟು. ಡವಡವ ಗೊತ್ತಾಗದಿದ್ದರೂ ಅಪಾಯ ಇದ್ದೇ ಇರುತ್ತದೆ.

ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರೆ ಹೊತ್ತಿಗೆ ಸರಿಯಾಗಿ ನುಂಗಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ನಸುಕಿನಲ್ಲೇ ಹೊರಡುವವರು ಜೇಬಿನಲ್ಲಿ ಇಟ್ಟುಕೊಳ್ಳಿ. ಅಪಿಕ್ಸಬಾನ್, ಡಬಿಗಟ್ರಾನ್ ದಿನಕ್ಕೆ ಎರಡು ಸಲದವು. ಒಂದು ದಿನ ತಪ್ಪಿಸಿದರೂ ಕಾವಲು ಹೋಯಿತು. ಆಸ್ಪಿರಿನ್ ಇವುಗಳ ಜಾಗಕ್ಕೆ ಬರುವುದಿಲ್ಲ.

ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಐ.ಎನ್.ಆರ್. ರಕ್ತಪರೀಕ್ಷೆ ತಪ್ಪಿಸಬೇಡಿ, ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಇಲ್ಲೇ ನಮ್ಮ ಸೊಪ್ಪಿನ ತಂಟೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗಂತ ಬಸ್ಸಾರು, ಮಸ್ಸೊಪ್ಪು ಬಿಟ್ಟು ಬರೀ ಮುದ್ದೆ ನುಂಗಿ ಎಂದು ಯಾರು ಹೇಳಿದರು? ಊಟ ಬಲ್ಲವನಿಗೆ ರೋಗವಿಲ್ಲ. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ, ಹೀಗೆ ಮಾಡಬೇಡಿ. ವಾರ ವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕಿರಿದಾದವರಂತೂ, ಪಕ್ಕದ ಮನೆಯವರ ಹೊಸ ಮಾತ್ರೆ ನೋಡಿ ಆಸೆಪಡಬೇಡಿ. ಅಂಥವರಿಗೆ ರಿವರೊಕ್ಸಬಾನ್‌ಗಿಂತ ವಾರ್ಫರಿನ್ನಿನಂಥ ಹಳೇ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ.

ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್ ನುಂಗುವ ಚಾಳಿ ಬಿಡಿ, ಹೊಟ್ಟೆಯೊಳಗೆ ರಕ್ತ ಸುರಿದೀತು. ಹಲ್ಲು ಕೀಳಿಸಲು ಹೋದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿ.ಪಿ. ಹಿಡಿತದಲ್ಲಿರಲಿ, ಹೆಂಡ ದೂರವಿರಲಿ. ಮಲ ಕಪ್ಪಗಾದರೆ, ತಲೆಗೆ ಪೆಟ್ಟು ಬಿದ್ದರೆ ನಾಳೆ ನೋಡೋಣ ಎನ್ನಬೇಡಿ.

ಇಷ್ಟಾಗಿಯೂ ಬಾಯಿ ಸೊಟ್ಟಗಾಯಿತು, ಕೈ ಜೋತುಬಿತ್ತು, ಮಾತು ತೊದಲಿತು ಎಂದರೆ? ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿಗೆ ದೂರದ ಊರಿಗೆ ಹೊರಡುತ್ತಾ ಹೊತ್ತು ಕಳೆಯಬೇಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾದೀತು. ಹೆಪ್ಪು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮುಂಚೆ ತಲೆಯ ಸಿ.ಟಿ. ಆಗಬೇಕು. ಗೌರಿಬಿದನೂರು, ಚಿಂತಾಮಣಿಯಿಂದ ಬೆಂಗಳೂರಿನ ದಾರಿಯೇ ಎಷ್ಟು ಹೊತ್ತು ತಿನ್ನುತ್ತದೆ, ನಿಮಗೇ ಗೊತ್ತು. ತಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ಹೋಗಬೇಕು ಎಂದು ಹೇಳಿ. ಶುರುವಾದ ಗಂಟೆ ಬರೆದಿಟ್ಟುಕೊಳ್ಳಿ. ಮಾತ್ರೆಯ ಚೀಟಿ ಜೊತೆಗಿರಲಿ, ಕೊನೆಯ ಸಲ ಎಷ್ಟು ಹೊತ್ತಿಗೆ ನುಂಗಿದ್ದು ಎಂಬುದೂ ಮನೆಯವರಿಗೆ ಗೊತ್ತಿರಲಿ. ಆ ಇಂಜೆಕ್ಷನ್ನು ಕೊಡಬಹುದೋ ಬೇಡವೋ ಎಂದು ಡಾಕ್ಟರು ಅದನ್ನು ಕೇಳಿಯೇ ಹೇಳುವುದು.