ಗುಂಡಿಗೂ ಗುಂಡಿಗೂ ಇರುವ ಅಂತರ

ಬೇಲಾಪುರದಿಂದ ಪನವೇಲಿನತ್ತ ಸಾಗುವ ಲೋಕಲ್ ಗಾಡಿಯಲ್ಲಿ, ತಮ್ಮ ಎತ್ತರಕ್ಕೆ ಸರಿದೊರೆಯಾದ ಪೆಟ್ಟಿಗೆಯೊಂದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತ ಮಕ್ಕಳನ್ನು ಕಂಡವರು ಅದರೊಳಗೆ ಯಾವುದೋ ವಾದ್ಯವಿದೆಯೆಂದು ಭಾವಿಸುವುದುಂಟು. ಒಳಗಿರುವುದು ಏರ್ ರೈಫಲ್. ಚಿಕ್ಕಬಳ್ಳಾಪುರದಲ್ಲಿ ಜನಿಸಿದ ಸುಮಾ ಶಿರೂರರು ಪನವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ಬನ್ನು ಸ್ಥಾಪಿಸಿದ ಮೇಲೆ ಈ ವಿದ್ಯೆ ನಮ್ಮ ನೆರೆಹೊರೆಗೆ ಪರಿಚಿತವಾಯಿತು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಪಂದ್ಯದಲ್ಲಿ ಅವರು 400ಕ್ಕೆ 400 ಅಂಕಗಳನ್ನು ಗಳಿಸಿದಾಗ ಅಂಕಗಳನ್ನು ಪೂರ್ಣಾಂಕದಲ್ಲಿಯೇ ಎಣಿಸುತ್ತಿದ್ದರು. ಈಗ ದಶಾಂಶದ ಎಣಿಕೆ ಬಂದಿರುವುದರಿಂದ, ಹತ್ತು ಎಂಬುದು 10.0ಯೋ 10.9ಯೋ ಎಂಬ ಪ್ರಶ್ನೆ ಏಳುತ್ತದೆ, ಅದರ ಬೆನ್ನಿಗೆ ಗುಂಡಿನ ಏಕರೂಪತೆಯ ಪ್ರಶ್ನೆಯೂ ಏಳುತ್ತದೆ.

ಪರದೇಶಗಳಲ್ಲಿ ಹವ್ಯಾಸಿಗಳು ತೋಟಾಗಳಿಗೆ ತಾವೇ ಮದ್ದು ತುಂಬಿ ಈ ಏಕರೂಪತೆಯನ್ನು ಸಾಧಿಸುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಅಧಿನಿಯಮದಂತೆ ಅಪರಾಧವಾದಕಾರಣ, ಗೃಹಸ್ಥನ ಕೈಗೆ ನಿಲುಕುವುದು 4.5 ಮಿಲಿಮೀಟರಿನ ಸೀಸದ ಪೆಲೆಟ್ಟು ಮಾತ್ರ. ಅದನ್ನು ತಯಾರಿಸಲಾಗದಿದ್ದರೂ ಆರಿಸಬಹುದು.

ಮೊದಲು ಮಾಡಬೇಕಾದ ಕೆಲಸವೆಂದರೆ ಲಾಟನ್ನು ನಿಶ್ಚಯಿಸುವುದು. ಒಂದೇ ಕಂಪನಿಯ, ಒಂದೇ ಹೆಸರಿನ ಡಬ್ಬಿಗಳಲ್ಲಿಯೂ ಲಾಟಿನಿಂದ ಲಾಟಿಗೆ ತಲೆಯ ವ್ಯಾಸದಲ್ಲಿ ಕೂದಲೆಳೆಯಷ್ಟು ಭೇದವಿರುತ್ತದೆ, ಮತ್ತು ಯಾವ ನಳಿಗೆ ಯಾವ ಲಾಟನ್ನು ಮೆಚ್ಚುತ್ತದೆಂಬುದನ್ನು ಡಬ್ಬಿಯ ಮೇಲಿನ ಮುದ್ರಣವಾಗಲಿ ಬೆಲೆಯಾಗಲಿ ಹೇಳಲಾರದು. ನಾನು ಒಮ್ಮೆ ಅತ್ಯಂತ ದುಬಾರಿಯಾದ ಡಬ್ಬಿಯನ್ನೇ ಕೊಂಡು ತಂದು ಪೆಚ್ಚಾದವನು. ಆದ್ದರಿಂದ ಎರಡು ಮೂರು ಲಾಟುಗಳಿಂದ ಒಂದೊಂದು ಡಬ್ಬಿ ತಂದು, ತರಬೇತುದಾರರ ಎದುರಿನಲ್ಲಿ ರೈಫಲ್ಲನ್ನು ವೈಸಿನಲ್ಲಿ ಭದ್ರವಾಗಿ ಬಿಗಿದು, ಹೊಸ ಗುಂಡಿಗೆ ನಳಿಗೆ ಒಗ್ಗುವವರೆಗೆ ಹತ್ತು ಹದಿನೈದನ್ನು ಲೆಕ್ಕಕ್ಕಿಡದೆ ಹಾರಿಸಿ, ಅನಂತರ ಹತ್ತು ಹತ್ತು ಗುಂಡುಗಳನ್ನು ಒಂದೊಂದು ಕಾಗದದ ಗುರಿಯ ಮೇಲೆ ಬಿಡಬೇಕು. ರಂಧ್ರಸಮೂಹದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಅದರಲ್ಲಿ 4.5 ಮಿಲಿಮೀಟರ್ ಕಳೆದರೆ ಹರವು ತಿಳಿಯುತ್ತದೆ. ಒಂದು ಸೊಗಸಾದ ಗುರಿಯನ್ನು ಕಂಡು ಮರುಳಾಗದೆ ಇದನ್ನು ನಾಲ್ಕು ಬಾರಿಯಾದರೂ ಪುನರಾವರ್ತಿಸಿ, ಗೆದ್ದ ಲಾಟಿನಿಂದಲೇ ವರ್ಷಕ್ಕಾಗುವಷ್ಟನ್ನು ಕೊಳ್ಳುವುದು ಲೇಸು.

ಎರಡನೆಯದು ಕಣ್ಣಿನ ಪರೀಕ್ಷೆ. ಪೆಲೆಟ್ಟಿನ ಹಿಂಬದಿಯಲ್ಲಿ ಹರಡಿಕೊಂಡ ತೆಳುವಾದ ಅಂಚು ಗಾಳಿಯ ಒತ್ತಡದಿಂದ ಅರಳಿ ನಳಿಗೆಯ ಒಳಗೋಡೆಗೆ ಅಂಟಿಕೊಂಡು ಗಾಳಿಯನ್ನು ತಡೆಯಬೇಕಾದುದು. ಸಾಗಣೆಯಲ್ಲಿ ಡಬ್ಬಿ ಕುಲುಕಿ ಅದು ನೆಗ್ಗಿದ್ದರೆ, ಗಾಳಿ ಒಂದು ಪಾರ್ಶ್ವದಿಂದ ಸೋರಿ ಗುಂಡು ಓಲಾಡುತ್ತಾ ಹೊರಬೀಳುತ್ತದೆ. ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ಒಂದೊಂದನ್ನೂ ತಿರುಗಿಸಿ ನೋಡಿ, ನೆಗ್ಗಿದ್ದನ್ನೂ ಸೀಸದ ಚೂರು ಅಂಟಿದ್ದನ್ನೂ ಅಭ್ಯಾಸದ ಡಬ್ಬಿಗೆ ತಳ್ಳಿರಿ. ತುಸು ಓರೆಯಾಗಿಟ್ಟ ಗಾಜಿನ ಮೇಲೆ ಉರುಳಿಸುವುದು ಇನ್ನೊಂದು ಉಪಾಯ: ತಲೆಗೂ ಹಿಂಬದಿಗೂ ವ್ಯಾಸಭೇದವಿರುವುದರಿಂದ ಗುಂಡು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಉರುಳುತ್ತದೆ, ದೋಷವಿರುವುದು ತನ್ನ ಸಂಗಾತಿಗಳ ದಾರಿಯನ್ನು ಬಿಟ್ಟು ಬೇರೆಡೆ ತಲಪುತ್ತದೆ.

ತೂಗುವುದು ಮೂರನೆಯದು, ಮನೆಮನೆಯಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆಯುವುದೂ ಇದೇ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಸಲ್ಲುವ ಗೌರವ ಯೋಗ್ಯತೆಗೆ ಮೀರಿದ್ದು. ಸುಮಾರು 0.53 ಗ್ರಾಮಿನ ಗುಂಡು ಸೆಕೆಂಡಿಗೆ 175 ಮೀಟರ್ ವೇಗದಲ್ಲಿ 10 ಮೀಟರ್ ದೂರವನ್ನು ಕ್ರಮಿಸುವಷ್ಟರಲ್ಲಿ 16 ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ತೂಕ ಶೇಕಡ 1ರಷ್ಟು, ಅಂದರೆ 5 ಮಿಲಿಗ್ರಾಮಿನಷ್ಟು, ಹೆಚ್ಚಿದರೆ ಈ ಇಳಿತವೂ ಸರಿಸುಮಾರು ಅಷ್ಟೇ ಪಾಲು ಹೆಚ್ಚಿ 0.16 ಮಿಲಿಮೀಟರಿನ ವ್ಯತ್ಯಾಸವಾದೀತು. ಅಂಕದ ಹತ್ತನೆಯ ಒಂದು ಭಾಗಕ್ಕೆ 0.25 ಮಿಲಿಮೀಟರ್ ಬೇಕು. ಆದಾಗ್ಯೂ, ಅಕ್ಕಸಾಲಿಗರಲ್ಲಿರುವಂತಹ ಮಿಲಿಗ್ರಾಮ್ ತೋರುವ ತಕ್ಕಡಿ ದೊರೆತರೆ, ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿ ತೂಗಿ, 5 ಮಿಲಿಗ್ರಾಮಿಗೊಂದರಂತೆ ರಾಶಿಗಳನ್ನು ಮಾಡಿ, ನಡುವಿನ ರಾಶಿಯನ್ನು ಪಂದ್ಯದ 60 ಗುಂಡುಗಳಿಗಾಗಿ ಎತ್ತಿಡಬಹುದು. ಉಳಿದವುಗಳಿಂದ ತೀರಾ ಭಿನ್ನವಾಗಿ ತೂಗಿದ ಗುಂಡಿನಲ್ಲಿ ಕಣ್ಣಿಗೆ ಕಾಣದ ಟೊಳ್ಳಿರುವ ಸಂಭವವೂ ಉಂಟು.

ಇಷ್ಟೆಲ್ಲ ಆರಿಸಿದ ಗುಂಡನ್ನು ನಳಿಗೆಗೆ ಸೇರಿಸುವಾಗ ಅವಸರದ ಹೆಬ್ಬೆರಳು ಅದರ ಅಂಚನ್ನು ಬಾಗಿಸಿದರೆ ಶ್ರಮವೆಲ್ಲ ವ್ಯರ್ಥ. ತುಂಬುವ ಸ್ಥಾನದಲ್ಲಿ ನೇರವಾಗಿ ಮಲಗಿಸಿ, ಪ್ರತಿ ಬಾರಿಯೂ ಒಂದೇ ರೀತಿಯಲ್ಲಿ ಮೃದುವಾಗಿ ನೂಕಬೇಕು.

ನಮ್ಮ ಊರಿನ ಮಳೆಗಾಲವೇ ಒಂದು ಪ್ರತ್ಯೇಕ ವಿಚಾರ. ಖಾಡಿಯ ಕಡೆಯ ತೇವದ ಗಾಳಿಯಲ್ಲಿ ಸೀಸದ ಮೇಲೆ ಬಿಳಿಯ ಪುಡಿ ಕೂಡುತ್ತದೆ. ಮರದಿಂದ ಹೊರಸೂಸುವ ಆಮ್ಲದ ಆವಿ ಇದನ್ನು ತ್ವರೆಗೊಳಿಸುವುದರಿಂದ ಡಬ್ಬಿಯನ್ನು ಮರದ ಕಪಾಟಿನಲ್ಲಿಡದೆ, ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಬೇಕು. ಆ ಪುಡಿ ವಿಷ. ಗುಂಡು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಕ್ಕಳು ವಡಾಪಾವಿಗೆ ಕೈಯೊಡ್ಡದಂತೆ ನೋಡಿಕೊಳ್ಳಿ, ಊಟದ ಮೇಜಿನ ಮೇಲೆ ಈ ಆರಿಸುವ ಕೆಲಸವನ್ನು ಹೂಡಬೇಡಿ. ಇನ್ನು ಗುಂಡೆಲ್ಲ ಮುಗಿದ ಮೇಲೂ ಲಾಟಿನ ಸಂಖ್ಯೆಯಿರುವ ಖಾಲಿ ಡಬ್ಬಿಯನ್ನು ಎಸೆಯದೆ ತೆಗೆದಿರಿಸಿ; ಮುಂದಿನ ಸಲ ಅಂಗಡಿಯಾತನ ಮುಂದೆ ಇಡಬೇಕಾದುದು ಅದನ್ನೇ.