ಸ್ಕೂಬಾ ಕಲಿಕೆ: ಯಾವ ಜಾಕೆಟ್, ಎಷ್ಟು ತೂಕ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮಾಧವನಗರ, ಸಾಂಗ್ಲಿ, ಮಿರಜ್ ಕಡೆಯವು. ಕೃಷ್ಣೆಯ ದಂಡೆಯಲ್ಲಿ ಬೆಳೆದವರು ಘಟ್ಟ ಇಳಿದು ಕಡಲೊಳಗೆ ಹೋಗಲು ಹೊರಟಿದ್ದಾರೆ. ಸಂತೋಷದ ಮಾತು. ಎಲ್ಲರ ಪ್ರಶ್ನೆಯೂ ಒಂದೇ ವಸ್ತುವಿನ ಸುತ್ತ ಇದೆ: ಬಿ.ಸಿ.ಡಿ. (ಗಾಳಿ ತುಂಬಿಸಿ, ಬಿಟ್ಟು, ನೀರಿನಲ್ಲಿ ಏಳುವುದನ್ನೂ ಇಳಿಯುವುದನ್ನೂ ಹಿಡಿತದಲ್ಲಿಡುವ ಜಾಕೆಟ್).

ಪ್ರಶ್ನೆ: ನನಗೆ 26 ವರ್ಷ. ಮಳೆಗಾಲ ಮುಗಿದ ಮೇಲೆ ತಾರ್ಕರ್ಲಿಯಲ್ಲಿ ಸ್ಕೂಬಾ ಕೋರ್ಸ್ ಸೇರುವವನಿದ್ದೇನೆ. ಮೊದಲೇ ಸ್ವಂತ ಬಿ.ಸಿ.ಡಿ. ಕೊಂಡುಕೊ, ಬಾಡಿಗೆಯದನ್ನು ನಂಬಬೇಡ ಎಂದು ಗೆಳೆಯ ಹೇಳುತ್ತಾನೆ. ಬಗೆಬಗೆಯವು ಇವೆ. ತಪ್ಪು ಆರಿಸಿದರೆ ನೀರೊಳಗೆ ಏನಾದೀತೋ ಎಂಬ ಹೆದರಿಕೆ.
*ಓದುಗರು, ಮಾಧವನಗರ*

ಉತ್ತರ: ಕೋರ್ಸಿಗೆ ಮೊದಲೇ ಹತ್ತಾರು ಸಾವಿರ ರೂಪಾಯಿ ಸುರಿಯಬೇಕೇ, ಸುರಿಯದಿದ್ದರೆ ಜೀವಕ್ಕೆ ಅಪಾಯವೇ ಎಂಬುದು ನಿಮ್ಮ ಚಿಂತೆ. ಎರಡಕ್ಕೂ ಇಲ್ಲ ಎನ್ನುತ್ತೇನೆ. ಕಲಿಯುವಾಗ ಜಾಕೆಟ್ಟನ್ನು ತರಬೇತಿ ಕೇಂದ್ರವೇ ಕೊಡುತ್ತದೆ. ನೀರಿಗಿಳಿಯುವ ಮೊದಲು ಅದರ ಪ್ರತಿ ಗುಂಡಿಯನ್ನೂ ಒತ್ತಿ ನೋಡುವುದನ್ನು ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಗೆಳೆಯರ ಕಾಳಜಿಗೆ ಉತ್ತರ ಆ ಪರೀಕ್ಷೆ. ಅದನ್ನು ಕಲಿತವರು ಬಾಡಿಗೆಯದನ್ನೂ ನಂಬಬಹುದು, ಕಲಿಯದವರಿಗೆ ಸ್ವಂತದ್ದನ್ನೂ ನಂಬಲಾಗದು.

ನಮ್ಮ ಕಡೆ ಹಿಂದೆ ಮಕ್ಕಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಬುರುಡೆಗೆ ಗೊತ್ತಿರುವುದು ಒಂದೇ ಕೆಲಸ, ತೇಲುವುದು. ಬಿ.ಸಿ.ಡಿ. ಹಾಗಲ್ಲ. ನೀವು ಗಾಳಿ ತುಂಬಿದಷ್ಟು ಮೇಲೇರುತ್ತದೆ, ಬಿಟ್ಟಷ್ಟು ಇಳಿಯುತ್ತದೆ. ಅದರೊಳಗಿನ ಗಾಳಿಯೂ ಒಂದೇ ಅಳತೆಯಲ್ಲಿ ಇರುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ 2 ಲೀಟರ್ ಇದ್ದ ಗಾಳಿ ನೀವು ಮೇಲೆ ಬರುವಷ್ಟರಲ್ಲಿ 4 ಲೀಟರ್ ಆಗಿ ಹಿಗ್ಗಿರುತ್ತದೆ. ಹಾಗಾಗಿ ಮೇಲೇರಲು ಗಾಳಿ ತುಂಬಬಾರದು. ಏರುತ್ತಾ ಬಿಡುತ್ತಾ ಬರಬೇಕು, ನಿಮಿಷಕ್ಕೆ 9 ಮೀಟರ್ ಮೀರದಂತೆ. ಉಸಿರನ್ನಂತೂ ಎಂದೂ ಬಿಗಿಹಿಡಿಯಬಾರದು, ಏಕೆಂದರೆ ನಿಮ್ಮ ಶ್ವಾಸಕೋಶದ ಗಾಳಿಯೂ ಹೀಗೆಯೇ ಹಿಗ್ಗುತ್ತದೆ.

ಇನ್ನು ಬಗೆಗಳು. ಜಾಕೆಟ್ ಮಾದರಿಯಲ್ಲಿ ಗಾಳಿಚೀಲ ಪಕ್ಕೆಗಳನ್ನೂ ಬೆನ್ನನ್ನೂ ಬಳಸಿರುತ್ತದೆ. ನೀರಿನ ಮೇಲೆ ನಿಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ, ಹೊಸಬರಿಗೆ ಅದೇ ದೊಡ್ಡ ಧೈರ್ಯ. ಬೆನ್ನಿಗೆ ಮಾತ್ರ ಗಾಳಿ ತುಂಬುವ ಮಾದರಿಯಲ್ಲಿ ನೀರೊಳಗೆ ಮೀನಿನಂತೆ ಅಡ್ಡಲಾಗಿ ಇರುವುದು ಸುಲಭ, ಆದರೆ ಮೇಲೆ ಬಂದಾಗ ಗಾಳಿ ಹೆಚ್ಚಾದರೆ ಅದು ನಿಮ್ಮನ್ನು ಮುಖದ ಕಡೆಗೆ ಬಾಗಿಸುತ್ತದೆ. ವಿಂಗ್ (ಲೋಹದ ಬೆನ್ನುಹಲಗೆಗೆ ಜೋಡಿಸುವ ಗಾಳಿಚೀಲ) ನನಗೆ ಬಲು ಇಷ್ಟ. ಆದರೂ ಪಟ್ಟಿಗಳನ್ನು ಮೈಗೆ ಹೊಂದಿಸಿಕೊಡಲು ಬಲ್ಲವರು ಜೊತೆಗಿಲ್ಲದೆ ಕೊಳ್ಳಬೇಡಿ.

ಜಾಕೆಟ್ಟಿನಲ್ಲಿ ಕಲಿಯಿರಿ. ಕೋರ್ಸ್ ಮುಗಿದು ಎಂಟು ಹತ್ತು ಸಲ ಮುಳುಗಿದ ಮೇಲೆ, ಸಾಧ್ಯವಾದರೆ ಬೇರೆ ಬಗೆಯನ್ನೂ ಬಾಡಿಗೆಗೆ ತೊಟ್ಟು ನೋಡಿ, ಆಮೇಲೆ ಅಂಗಡಿಗೆ ಹೋಗಿ. ದೊಡ್ಡ ಚೀಲದ ಮೋಹ ಬೇಡ. ನಮ್ಮ ಬೆಚ್ಚಗಿನ ಕಡಲಿಗೆ, ತೆಳ್ಳನೆಯ ವೆಟ್‌ಸೂಟ್ (ಮುಳುಗುವಾಗ ತೊಡುವ ಬಿಗಿ ಉಡುಪು) ಮತ್ತು ಒಂದೇ ಸಿಲಿಂಡರಿಗೆ, 12ರಿಂದ 14 ಕೆ.ಜಿ. ಎತ್ತುವ ಚೀಲ ಸಾಮಾನ್ಯವಾಗಿ ಸಾಕು.

ಪ್ರಶ್ನೆ: ನಾನು ಶಿಕ್ಷಕಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿ ಸ್ಕೂಬಾ ಮಾಡಿದೆ. ದೋಣಿಯಿಂದ ನೀರಿಗಿಳಿದು ಜಾಕೆಟ್ಟಿಗೆ ಗಾಳಿ ತುಂಬಿದ ಕೂಡಲೇ ಎದೆ ಹಿಚುಕಿದಂತಾಯಿತು, ಜಾಕೆಟ್ ಕಿವಿಯವರೆಗೆ ಏರಿತು. ಉಸಿರು ಕಟ್ಟಿ ಹೆದರಿ ವಾಪಸು ಬಂದೆ. ನನ್ನಂಥವರಿಗೆ ಇದು ಆಗದ ಕೆಲಸವೇ?
*ಓದುಗರು, ಮಿರಜ್*

ಉತ್ತರ: ಹೆದರಿ ಹತ್ತಿ ಬಂದದ್ದು ತಪ್ಪಲ್ಲ. ಉಸಿರಾಟ ಸರಿಯಿಲ್ಲ ಅನ್ನಿಸಿದರೆ ಮೇಲಕ್ಕೆ ಬರಬೇಕು, ನೀವು ಮಾಡಿದ್ದು ಅದೇ. ನಿಮ್ಮಲ್ಲಿ ಕೊರತೆಯಿದೆ ಎಂದು ಇದರಿಂದ ತೀರ್ಮಾನಿಸಬೇಡಿ. ನೀವು ಹೇಳಿದ ಎರಡು ಲಕ್ಷಣಗಳನ್ನು ನೋಡಿದರೆ ಜಾಕೆಟ್ ನಿಮ್ಮ ಅಳತೆಯದಾಗಿರಲಿಲ್ಲ.

ಜಾಕೆಟ್ ಮಾದರಿಗೆ ಗಾಳಿ ತುಂಬಿದಾಗ ಚೀಲ ಹೊರಗೆ ಉಬ್ಬಿದಂತೆ ಒಳಕ್ಕೂ ಉಬ್ಬುತ್ತದೆ. ಎದೆಯ ಪಟ್ಟಿ ಬಿಗಿಯಾಗಿದ್ದರೆ ಪಕ್ಕೆಗೆ ಒತ್ತುತ್ತದೆ. ಸೊಂಟದ ಪಟ್ಟಿ ಸಡಿಲವಾಗಿದ್ದರೆ ಇಡೀ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮೈ ಮಾತ್ರ ಕೆಳಗೇ ಉಳಿಯುತ್ತದೆ. ನಿಮಗೆ ಎರಡೂ ಒಟ್ಟಿಗೆ ಆಗಿದೆ.

ಮುಂದಿನ ಸಲ ದಡದಲ್ಲೇ ಐದು ನಿಮಿಷ ಕೇಳಿಕೊಳ್ಳಿ, ಸಂಕೋಚ ಬೇಡ. ವೆಟ್‌ಸೂಟಿನ ಮೇಲೆ ಜಾಕೆಟ್ ತೊಟ್ಟು, ಮೊದಲು ಸೊಂಟದ ಪಟ್ಟಿಯನ್ನು ಚೆನ್ನಾಗಿ ಬಿಗಿಯಿರಿ. ಎದೆಯ ಪಟ್ಟಿಯನ್ನು ಭುಜದ ಪಟ್ಟಿಗಳು ಜಾರದಷ್ಟು ಮಾತ್ರ. ಆಮೇಲೆ ಇನ್‌ಫ್ಲೇಟರ್ (ಗಾಳಿ ತುಂಬುವ ಮತ್ತು ಬಿಡುವ ಗುಂಡಿಗಳಿರುವ ಕೊಳವೆ) ಒತ್ತಿ ಪೂರ್ತಿ ತುಂಬಿಸಿ. ಚೀಲ ತುಂಬಿದಾಗ ಹೆಚ್ಚುವರಿ ಗಾಳಿ ತಾನಾಗಿ ಸುಯ್ಯೆಂದು ಹೊರಬೀಳುತ್ತದೆ, ಒಡೆಯಿತೆಂದು ಗಾಬರಿಯಾಗಬೇಡಿ, ಆ ಕವಾಟ ಇರುವುದೇ ಅದಕ್ಕೆ. ಈ ಸ್ಥಿತಿಯಲ್ಲಿ ಎದೆ ತುಂಬ ಉಸಿರೆಳೆಯಿರಿ. ಆಗದಿದ್ದರೆ ಆ ಜಾಕೆಟ್ ನಿಮ್ಮದಲ್ಲ. ಉಸಿರು ಸರಾಗವಾಗಿ ಬಂದರೆ, ಗಾಳಿ ಖಾಲಿ ಮಾಡಿ ಭುಜದ ಪಟ್ಟಿಗಳನ್ನು ಮೇಲಕ್ಕೆ ಎತ್ತಲು ಇನ್ನೊಬ್ಬರಿಗೆ ಹೇಳಿ. ಕಿವಿಯ ಹತ್ತಿರ ಬಂದರೆ ಅದು ನಿಮಗೆ ದೊಡ್ಡದು.

ಹೆಂಗಸರಿಗೆಂದೇ ಮಾಡಿದ ಜಾಕೆಟ್‌ಗಳೂ ಇವೆ. ಅವುಗಳಲ್ಲಿ ಬೆನ್ನಿನ ಅಳತೆ ಗಿಡ್ಡ, ಭುಜದ ಪಟ್ಟಿ ಎದೆಯನ್ನು ಬಳಸಿ ಹೊರಬಾಗಿರುತ್ತದೆ. ದೋಣಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೊಡಿಸುವ ಮೊದಲು, ಬುಕಿಂಗ್ ಮಾಡುವಾಗಲೇ ನಿಮ್ಮ ಎತ್ತರ, ತೂಕ ತಿಳಿಸಿ ಚಿಕ್ಕ ಅಳತೆ ಇದೆಯೇ ಎಂದು ಕೇಳಿ.

ನೀರಿನ ಮೇಲೆ ಮತ್ತೆ ಹಿಚುಕಿದಂತಾದರೆ ಇನ್ನಷ್ಟು ತುಂಬಬೇಡಿ. ಬೋಧಕರನ್ನು ಹಿಡಿದುಕೊಂಡು ಸ್ವಲ್ಪ ಗಾಳಿ ಬಿಡಿ, ಎದೆ ಸಡಿಲವಾಗುತ್ತದೆ. ಸರಿಯಾದ ಅಳತೆಯಲ್ಲೂ ಉಸಿರು ಕಟ್ಟಿದರೆ, ಅಥವಾ ಹಿಂದೆ ದಮ್ಮು, ಹೃದಯದ ತೊಂದರೆ ಇದ್ದಿದ್ದರೆ, ವೈದ್ಯರನ್ನು ಕಂಡೇ ಮುಂದುವರಿಯಿರಿ. ಆರೋಗ್ಯದ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ.

ಪ್ರಶ್ನೆ: ಈಜುಕೊಳದಲ್ಲಿ ಸರಾಗವಾಗಿ ಇಳಿದೆ. ಕಡಲಲ್ಲಿ ಎಷ್ಟು ಒದ್ದಾಡಿದರೂ ಮುಳುಗಲಿಲ್ಲ. ಬೋಧಕರು ಸೀಸದ ತೂಕ ಹೆಚ್ಚಿಸಿದರು. ಅಷ್ಟು ಸೀಸ ಕಟ್ಟಿಕೊಂಡರೆ ತಳಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟೇನೆಂಬ ಭಯ. ನನ್ನ ತೂಕ 90 ಕೆ.ಜಿ.
*ಓದುಗರು, ಸಾಂಗ್ಲಿ*

ಉತ್ತರ: ಸೀಸ ಕಟ್ಟಿಕೊಳ್ಳುವಾಗ ಯಾರಿಗಾದರೂ ಹೀಗೆ ಅನ್ನಿಸುತ್ತದೆ. ಲೆಕ್ಕ ಕೇಳಿದರೆ ಸಮಾಧಾನವಾದೀತು.

ಒಂದು ಲೀಟರ್ ಸಿಹಿನೀರು 1 ಕೆ.ಜಿ. ಇದ್ದರೆ ಕಡಲ ನೀರು ಅದಕ್ಕಿಂತ ಸುಮಾರು 25 ಗ್ರಾಂ ಹೆಚ್ಚು. ನೀವು, ಸಿಲಿಂಡರ್, ಬಟ್ಟೆ ಎಲ್ಲ ಸೇರಿ 110 ಕೆ.ಜಿ. ಎಂದಿಟ್ಟುಕೊಳ್ಳಿ. ಕಡಲು ನಿಮ್ಮನ್ನು ಈಜುಕೊಳಕ್ಕಿಂತ ಎರಡೂವರೆ ಮೂರು ಕೆ.ಜಿ.ಯಷ್ಟು ಹೆಚ್ಚು ಎತ್ತುತ್ತದೆ. ಬೋಧಕರು ಸೇರಿಸಿದ ಸೀಸದಲ್ಲಿ ಇಷ್ಟು ನ್ಯಾಯವಾದದ್ದೇ.

ಉಳಿದದ್ದು ನಿಮ್ಮ ಉಸಿರಿನಲ್ಲಿರಬಹುದು. ಹೆದರಿದವರು ಎದೆ ತುಂಬ ಗಾಳಿ ಎಳೆದು ಪೂರ್ತಿ ಬಿಡುವುದಿಲ್ಲ. ಶ್ವಾಸಕೋಶದಲ್ಲಿ ಉಳಿದ ಎರಡು ಲೀಟರ್ ಗಾಳಿ ಎಂದರೆ ಎರಡು ಕೆ.ಜಿ. ತೇಲುವಿಕೆ. ಅದಕ್ಕೆ ಸೀಸ ಮದ್ದಲ್ಲ, ನಿಧಾನವಾಗಿ ಕೊನೆಯವರೆಗೆ ಉಸಿರು ಬಿಡುವುದೇ ಮದ್ದು.

ತೂಕ ಸರಿಯಿದೆಯೇ ಎಂದು ನೀವೇ ನೋಡಬಹುದು. ಡೈವ್ ಮುಗಿಸಿ ಬಂದು, ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿರುವಾಗ, ಬೋಧಕರ ಪಕ್ಕದಲ್ಲಿ ಜಾಕೆಟ್ ಪೂರ್ತಿ ಖಾಲಿ ಮಾಡಿ, ಕಾಲಾಡಿಸದೆ ನಿಲ್ಲಿ. ಸಾಧಾರಣ ಉಸಿರು ಎಳೆದಾಗ ನೀರು ಕಣ್ಣಿನ ಮಟ್ಟಕ್ಕಿದ್ದು, ಬಿಟ್ಟಾಗ ಮೆಲ್ಲಗೆ ಇಳಿದರೆ ತೂಕ ಸರಿ. ಖಾಲಿಯಾಗುತ್ತಾ ಬಂದಾಗ ನೋಡುವುದು ಏಕೆಂದರೆ ಗಾಳಿಗೂ ತೂಕವಿದೆ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದ ಗಾಳಿ ಎರಡೂವರೆ ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಡೈವ್ ಮುಗಿಯುವಾಗ ಅದರಲ್ಲಿ ಬಹುಪಾಲು ಹೋಗಿರುತ್ತದೆ.

ಅತಿಯಾದ ಸೀಸದ ಬಗ್ಗೆ ನಿಮ್ಮ ಭಯ ಮಾತ್ರ ನಿಜವಾದದ್ದೇ. ಸೀಸ ಹೆಚ್ಚಾದಷ್ಟು ಜಾಕೆಟ್ಟಿಗೆ ಗಾಳಿ ಹೆಚ್ಚು ಬೇಕು, ಗಾಳಿ ಹೆಚ್ಚಾದಷ್ಟು ಏರಿಳಿತ ಕೈತಪ್ಪುತ್ತದೆ. ಸೀಸವನ್ನು ಒಂದೇ ಕೈಯಲ್ಲಿ ಕಳಚಿ ಬಿಡುವುದನ್ನು ಬೋಧಕರೆದುರು ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ.

ಪ್ರಶ್ನೆ: ಮಗ ಸ್ಕೂಬಾ ಕಲಿಯುತ್ತೇನೆನ್ನುತ್ತಾನೆ. 2019ರ ನೆರೆ ಕಂಡ ಮೇಲೆ ನನಗೆ ನೀರೆಂದರೆ ಎದೆ ನಡುಗುತ್ತದೆ. ಜಾಕೆಟ್ ಇದೆಯಲ್ಲ, ಮುಳುಗುವುದಿಲ್ಲ ಎನ್ನುತ್ತಾನೆ. ನಂಬಲೇ?
*ಒಬ್ಬ ತಾಯಿ, ಮಾಧವನಗರ*

ಉತ್ತರ: ತಾಯಿ, ನಿಮ್ಮ ಭಯಕ್ಕೆ ಕಾರಣವಿದೆ. ಆ ಆಗಸ್ಟಿನಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 45 ಅಡಿಯ ಅಪಾಯದ ಮಟ್ಟ ದಾಟಿ 57 ಅಡಿಗೂ ಮೇಲೇರಿತು. ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಹೋದರು. ಅದನ್ನು ಮರೆತು ಮಗನನ್ನು ಕಳಿಸಿ ಎಂದು ನಾನು ಹೇಳಲಾರೆ.

ನಿಮ್ಮ ಮಗನ ಮಾತು ಅರ್ಧ ಮಾತ್ರ ಸರಿ. ಲೈಫ್ ಜಾಕೆಟ್ ಬೇರೆ, ಬಿ.ಸಿ.ಡಿ. ಬೇರೆ. ಒಳ್ಳೆಯ ಲೈಫ್ ಜಾಕೆಟ್ ಎಚ್ಚರ ತಪ್ಪಿದವರ ಮುಖವನ್ನೂ ಮೇಲಕ್ಕೆ ಇಡುವಂತೆ ಮಾಡಿರುತ್ತಾರೆ. ಬಿ.ಸಿ.ಡಿ. ಆ ಭರವಸೆ ಕೊಡುವುದಿಲ್ಲ. ನಿಮ್ಮ ಮಗನನ್ನು ಕಾಯುವುದು ಅವನ ಕಲಿಕೆ ಮತ್ತು ಪಕ್ಕದಲ್ಲಿರುವ ಬೋಧಕರು.

ಕೆಲವನ್ನು ನೀವೇ ಕೇಳಿ ತಿಳಿದುಕೊಳ್ಳಿ. ಒಬ್ಬ ಬೋಧಕರಿಗೆ ಎಷ್ಟು ಜನ? ದೋಣಿಯಲ್ಲಿ ತುರ್ತಿಗೆ ಆಮ್ಲಜನಕ ಇದೆಯೇ? ಪೂರ್ಣ ಕೋರ್ಸಿನಲ್ಲಿ 200 ಮೀಟರ್ ಈಜು, 10 ನಿಮಿಷ ತೇಲುವ ಪರೀಕ್ಷೆ ಇರುತ್ತದೆ, ಅದನ್ನು ಮಾಡಿಸುತ್ತಾರೆಯೇ? ಇನ್ನೊಂದು ಜವಾಬ್ದಾರಿ ನಿಮ್ಮ ಕೈಯಲ್ಲೇ ಇದೆ. ಸಾಂಗ್ಲಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ, ದಾರಿಯ ಅಂಬೋಲಿ ಇನ್ನೂ ಎತ್ತರ. ಮುಳುಗಿ ಬಂದ ಮೈಯಲ್ಲಿ ಸಾರಜನಕ ಉಳಿದಿರುವಾಗ ಘಟ್ಟ ಹತ್ತಬಾರದು, ಮೇಲೇರಿದಂತೆ ಒತ್ತಡ ಇಳಿದು ಅದು ಗುಳ್ಳೆಗಟ್ಟಬಹುದು. ಕೊನೆಯ ಡೈವ್ ಆದ ಮೇಲೆ 18 ಗಂಟೆ ಕಳೆಯದೆ ಊರಿಗೆ ಹೊರಡಬೇಡ ಎಂದು ತಾಕೀತು ಮಾಡಿ. ಅಮ್ಮ ಹೇಳಿದರೆ ಕೇಳುತ್ತಾನೆ.

ಪ್ರಶ್ನೆ: ನೆರೆ ಬಂದಾಗ ನಮ್ಮ ಓಣಿಯ ಹುಡುಗರು ಜನರಿಗೆ ನೆರವಾಗುತ್ತೇವೆ. ಹಳೆಯ ಬಿ.ಸಿ.ಡಿ. ಒಂದು ಅಗ್ಗಕ್ಕೆ ಸಿಕ್ಕಿದೆ. ಹೊಳೆಗೆ ಬಳಸಬಹುದೇ?
*ಓದುಗರು, ಮಾಧವನಗರ*

ಉತ್ತರ: ನಿಮ್ಮ ಸೇವೆಗೆ ಕೈಮುಗಿಯುತ್ತೇನೆ. ಅದಕ್ಕಾಗಿಯೇ ಹೇಳುತ್ತೇನೆ, ನೆರೆಯ ನೀರಿಗೆ ಅದನ್ನು ತೊಟ್ಟು ಇಳಿಯಬೇಡಿ. ಅದರ ಕೊಳವೆ, ಪಟ್ಟಿಗಳು ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತವೆ, ಚೀಲ ಹರಿದರೆ ತೇಲುವಿಕೆಯೇ ಇಲ್ಲ. ಆ ಕೆಲಸಕ್ಕೆ ಬೆಂಡು ತುಂಬಿದ ಲೈಫ್ ಜಾಕೆಟ್ಟೇ ಬೇಕು, ದೋಣಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಒಂದೊಂದು.

ಮುಂದೆ ಸ್ಕೂಬಾ ಕಲಿಯುವ ಮನಸ್ಸಿದ್ದರೆ ಹಳೆಯದನ್ನು ಇಟ್ಟುಕೊಳ್ಳಿ. ಬಾಯಿಂದ ಊದಿ ಬಿಗಿಯಾಗಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಅಲ್ಲಾಡಿಸಿದಾಗ ಒಳಗೆ ಉಪ್ಪಿನ ಹರಳು ಸದ್ದು ಮಾಡಿದರೆ, ಅಥವಾ ಗುಂಡಿ ಒತ್ತಿ ಬಿಟ್ಟ ಮೇಲೂ ಸಿಕ್ಕಿಕೊಂಡರೆ, ಸರ್ವಿಸ್ ಮಾಡಿಸುವವರೆಗೆ ಈಜುಕೊಳಕ್ಕೂ ಒಯ್ಯಬೇಡಿ.